ಮುಂದೆ ಒಲೆ, ಹಿಂದೆ ಬಾಣಂತಿ

ಆ ದೋಣಿಯಲ್ಲಿ ಒಲೆಯ ಪಕ್ಕ ನಿಂತರೆ ಬನಿಯನ್ ಒದ್ದೆಯಾಗುವಷ್ಟು ಸೆಕೆ. ಅಲ್ಲಿಂದ ಹಿಂದಕ್ಕೆ ನಡೆದು ಮಲಗುವ ಕೋಣೆಗೆ ಹೋದರೆ ಉಸಿರು ಹೊಗೆಯಾಗಿ ಕಾಣುವಷ್ಟು ಚಳಿ. ನಡುವೆ ಇದ್ದದ್ದು ಒಂದು ಅಡುಗೆಮನೆ, ಒಂದು ಬಚ್ಚಲು, ಒಬ್ಬರು ಹೋಗುವಾಗ ಇನ್ನೊಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದಂಥ ಒಂದು ಓಣಿ. ಈ ತುದಿಯ ಸೆಕೆಯನ್ನು ಆ ತುದಿಗೆ ಮುಟ್ಟಿಸುವುದು ನನ್ನ ಕೆಲಸ. ಹೇಳುವುದಕ್ಕೆ ಇಷ್ಟೇ. ಆದರೆ ಆ ಚಳಿಗಾಲದಲ್ಲಿ ನನ್ನ ತಲೆ ತಿಂದಷ್ಟು ಇನ್ಯಾವ ಕೆಲಸವೂ ತಿಂದಿಲ್ಲ.

ನಾನಾಗ ಡಚ್ಚರ ನಾಡಿನ ನ್ಯೂವೆಗೈನ್ ಎಂಬ ಊರಿನ ಒಂದು ಸಣ್ಣ ವರ್ಕ್‌ಶಾಪಿನಲ್ಲಿದ್ದೆ. ದೋಣಿಮನೆಗಳಿಗೆ ಒಲೆ, ಪೈಪು, ರೇಡಿಯೇಟರ್ ಕೂರಿಸುವ ಜಾಗ ಅದು. ಲೈಡನ್ನಿನ ಹೊರಗಿನ ಕಾಲುವೆಯೊಂದರಿಂದ ಕರೆ ಬಂದಾಗ ನಮ್ಮ ಡಚ್ ಮಾಲೀಕ ಗಿರಾಕಿಯ ಹೆಸರನ್ನು ಕಷ್ಟಪಟ್ಟು ಓದಿ, ನನ್ನತ್ತ ನೋಡಿ, "ಇದು ನಿನ್ನದು" ಎಂದ. ಒಂದೇ ಭಾಷೆಯವರಾದರೆ ಕೆಲಸ ಸಲೀಸು ಅಂತ ಅವನ ಎಣಿಕೆ. ಒಂದೇ ಭಾಷೆಯವರಾದರೆ ಭಾನುವಾರವೂ ಫೋನ್ ಬರುತ್ತದೆ, ಬೇಡವೆಂದರೂ ತಟ್ಟೆಗೆ ರೊಟ್ಟಿ ಬೀಳುತ್ತದೆ, ಬೈಯಬೇಕಾದಾಗ ಬೈಯಲು ಬಾಯಿ ಬರುವುದಿಲ್ಲ ಎನ್ನುವುದು ಅವನಿಗೇನು ಗೊತ್ತು.

ಗಿರಾಕಿ ವಿಜಯಪುರದ ಕಡೆಯ ಹುಡುಗ, ಲೈಡನ್ನಿನಲ್ಲಿ ಸಂಶೋಧಕ. ಬಾಡಿಗೆಗೆ ಮನೆ ಸಿಗದೆ ಬೇಸತ್ತು ಇಂಗ್ಲೆಂಡಿನಿಂದ ಒಂದು ಹಳೆಯ ಉಕ್ಕಿನ ದೋಣಿಯನ್ನು ಲಾರಿಯ ಮೇಲೆ ತರಿಸಿಕೊಂಡಿದ್ದ. ಅಲ್ಲಿನ ಕಿರಿದಾದ ಕಾಲುವೆಗಳಿಗೆಂದೇ ಮಾಡಿದ ದೋಣಿ. ಉದ್ದ ರೈಲು ಬೋಗಿಯಷ್ಟು, ಅಗಲ ಎರಡೂ ಕೈ ಚಾಚಿದರೆ ಮುಗಿಯಿತು. ಮೂತಿಯ ಕಡೆ ಕೂರುವ ಜಾಗ ಮತ್ತು ಮೊಣಕಾಲೆತ್ತರದ ಕಬ್ಬಿಣದ ಒಲೆ. ಬಾಲದ ಕಡೆ ಮಲಗುವ ಕೋಣೆ. ಅವನ ಹೆಂಡತಿಗೆ ಆಗ ತುಂಬು ಬಸಿರು. ಹೆರಿಗೆಯಾಗಿ ಮನೆಗೆ ಬಂದ ಮೇಲೆ ಮಲಗುವುದು ಆ ಹಿಂದಿನ ಕೋಣೆಯಲ್ಲೇ.

"ಮುಂದಿನ ಕೋಣೆಯಲ್ಲೇ ಮಲಗಿಸಿ" ಎಂದೆ ನಾನು, ಮೊದಲ ದಿನವೇ.

"ಇಲ್ರಿ ಸರ್, ಸೂಲಗಿತ್ತಿ ಬಂದು ನೋಡ್ಕೊಂಡು ಹೋಗ್ಯಾಳ. ಉರಿಯೋ ಒಲಿ ಇದ್ದ ರೂಮಿನ್ಯಾಗ ಕೂಸು ಮಲಗಂಗಿಲ್ಲ ಅಂತ ಕ್ಲಿಯರ್ ಆಗಿ ಹೇಳಿಬಿಟ್ಟಾಳ."

ಅವಳು ಹೇಳಿದ್ದು ಸರಿ. ಒಲೆಯ ಹೊಗೆ ಒಳಗೆ ನುಗ್ಗಿದರೆ ಮಲಗಿದವರು ಏಳುವುದಿಲ್ಲ. ಹಾಗಾಗಿ ಬಿಸಿಯೇ ಹಿಂದಕ್ಕೆ ಹೋಗಬೇಕಿತ್ತು.

ಮೊದಲು ಸುಲಭದ್ದನ್ನು ಮಾಡಿ ನೋಡಿದೆವು. ಒಲೆಯ ಮೇಲಿಟ್ಟರೆ ಅದರ ಬಿಸಿಗೇ ತಿರುಗುವ ಪುಟ್ಟ ಫ್ಯಾನೊಂದನ್ನು ದೋಣಿಯ ಯಜಮಾನ ಆನ್‌ಲೈನಿನಲ್ಲಿ ತರಿಸಿದ್ದ. ಅದು ಬಹಳ ಚಂದವಾಗಿ ತಿರುಗಿತು. ಅದರ ಎದುರಿಗೆ ಕೂತವರ ಮುಖ ಇನ್ನಷ್ಟು ಕಾದಿತು. ಬಿಸಿಗಾಳಿ ಏರಿ ಸೂರಿಗೆ ಅಂಟಿಕೊಂಡು, ಅಡುಗೆಮನೆ ದಾಟುವಷ್ಟರಲ್ಲಿ ಕಿಟಕಿಗಳ ಗಾಜಿಗೆ ತನ್ನನ್ನೆಲ್ಲ ಒಪ್ಪಿಸಿಬಿಡುತ್ತಿತ್ತು. ಹಿಂದಿನ ಕೋಣೆಯ ಥರ್ಮಾಮೀಟರಿಗೆ ಸುದ್ದಿಯೇ ಮುಟ್ಟಲಿಲ್ಲ.

ಆಮೇಲೆ ಸೂರಿನ ಉದ್ದಕ್ಕೂ ಒಂದು ಕೊಳವೆ ಎಳೆದು, ಒಲೆಯ ಮೇಲಿನ ಗಾಳಿಯನ್ನು ಬ್ಯಾಟರಿ ಫ್ಯಾನಿನಿಂದ ಹಿಂದಕ್ಕೆ ತಳ್ಳಿದೆ. ಅಷ್ಟರಲ್ಲಿ ಬಾಣಂತನಕ್ಕೆಂದು ಹೆಂಡತಿಯ ತಾಯಿ ಊರಿನಿಂದ ಬಂದಿಳಿದಿದ್ದರು. ಬಂದ ಮರುದಿನ ಅವರು ಹಾಕಿದ ಒಗ್ಗರಣೆಯ ಘಾಟೆಲ್ಲ ಆ ಕೊಳವೆಯ ಮೂಲಕ ನೇರವಾಗಿ ಮಗಳ ತಲೆದಿಂಬಿನ ಮೇಲೆ ಸುರಿಯಿತು. ಬಿಸಿ ಬರಲಿಲ್ಲ, ಬೆಳ್ಳುಳ್ಳಿ ಬಂತು. ಬಸುರಿ ಓಡಿಹೋಗಿ ವಾಂತಿ ಮಾಡಿಕೊಂಡಳು. ಬ್ಯಾಟರಿಯೂ ಬೆಳಗಾಗುವುದರೊಳಗೆ ಕೈಕೊಟ್ಟಿತ್ತು. ಅವರಿದ್ದ ದಂಡೆಯಲ್ಲಿ ಕರೆಂಟಿನ ಕಂಬವಿರಲಿಲ್ಲ, ಸೂರಿನ ಸೋಲಾರ್ ಹಲಗೆಗಳಿಗೆ ಈ ದೇಶದ ಚಳಿಗಾಲದಲ್ಲಿ ಸೂರ್ಯನ ಮುಖವೇ ಕಾಣುವುದಿಲ್ಲ. ನಾನು ಕೊಳವೆ ಕಿತ್ತು ವ್ಯಾನಿಗೆ ಎಸೆದೆ.

ಯಜಮಾನ ದಿನಕ್ಕೊಂದು ಲಿಂಕ್ ಕಳಿಸುತ್ತಿದ್ದ. "ಸರ್, ಫೋರಮಿನ್ಯಾಗ ಒಬ್ಬಾಂವ ಹಿಂಗ್ ಮಾಡ್ಯಾನ್ರಿ" ಎಂದು ಶುರುವಾದರೆ ಮುಗಿಯುತ್ತಿರಲಿಲ್ಲ. ಆ ಫೋರಮಿನ ಮಹಾನುಭಾವರು ಯಾರೂ ಬಂದು ಪೈಪು ಬೆಸೆಯುವವರಲ್ಲವಲ್ಲ!

ನನಗೆ ಒಳಗೊಳಗೇ ಮೊದಲಿನಿಂದ ಆಸೆಯಿದ್ದದ್ದು ಮೂರನೆಯ ದಾರಿಯ ಮೇಲೆ. ಒಲೆಯ ಬೆನ್ನಿಗೆ ನೀರಿನ ಸಣ್ಣ ಬಾಯ್ಲರ್ ಕೂರಿಸುವುದು, ಅಲ್ಲಿಂದ ದಪ್ಪ ತಾಮ್ರದ ಪೈಪನ್ನು ಹಿಂದಿನ ಕೋಣೆಯ ರೇಡಿಯೇಟರಿಗೆ ಒಯ್ಯುವುದು, ಇನ್ನೊಂದು ಪೈಪಿನಲ್ಲಿ ತಣಿದ ನೀರನ್ನು ಮರಳಿ ತರುವುದು. ಪಂಪ್ ಬೇಡ, ಕರೆಂಟ್ ಬೇಡ. ಕಾದ ನೀರು ಹಗುರವಾಗಿ ಮೇಲೇರುತ್ತದೆ, ತಣಿದದ್ದು ಭಾರವಾಗಿ ಕೆಳಗಿಳಿಯುತ್ತದೆ. ಒಲೆ ಉರಿಯುವವರೆಗೂ ತಿರುಗುತ್ತಲೇ ಇರುತ್ತದೆ. ಷರತ್ತು ಒಂದೇ. ಬಿಸಿನೀರಿನ ಪೈಪು ಒಲೆಯಿಂದ ಕೋಣೆಯವರೆಗೆ ಎಲ್ಲೂ ತಗ್ಗದೆ ಸ್ವಲ್ಪ ಸ್ವಲ್ಪವೇ ಏರುತ್ತ ಹೋಗಬೇಕು. ಎಲ್ಲಾದರೂ ಬೆನ್ನು ಬಾಗಿಸಿತೋ, ಅಲ್ಲಿ ಗಾಳಿ ಕಟ್ಟಿಕೊಂಡು ನೀರು ನಿಂತುಬಿಡುತ್ತದೆ.

ನಮ್ಮ ಮಾಲೀಕ ಪಂಪ್ ಹಾಕಿ ಮುಗಿಸು ಎಂದಿದ್ದ. ನಾನು ಒಪ್ಪಲಿಲ್ಲ. ಬ್ಯಾಟರಿ ಸತ್ತು ಪಂಪ್ ನಿಂತ ದಿನ ಬಾಯ್ಲರಿನ ನೀರು ಕೊತಕೊತ ಕುದಿಯುತ್ತದೆ. ಕಿಟಕಿಗಳ ಕೆಳಗೆ, ಬಚ್ಚಲಿನ ಗೋಡೆಯ ಹಿಂದೆ, ಬಟ್ಟೆಯ ಕಪಾಟಿನ ಒಳಗೆ ಪೈಪು ಎಳೆದೆ. ಪೈಪು ಹಿಡಿಸಿದ ಪ್ರತಿ ಕ್ಲಾಂಪಿನ ಹತ್ತಿರವೂ ರಸಮಟ್ಟವಿಟ್ಟು, ಅದರ ಗುಳ್ಳೆ ಎತ್ತರದ ತುದಿಗೆ, ಅಂದರೆ ಬಾಲದ ಕಡೆಗೇ, ಸರಿಯುತ್ತಿದೆಯೇ ಎಂದು ನೋಡಿದೆ. ಈ ತುದಿಯಿಂದ ಆ ತುದಿಗೆ ನಾಲ್ಕು ಬೆರಳಿನಷ್ಟು ಏರು ಸಿಕ್ಕಿತು. ಅದಕ್ಕಿಂತ ಹೆಚ್ಚು ಬೇಕೆಂದರೆ ಕಿಟಕಿಗಳೇ ಅಡ್ಡ. ಬೆಂಕಿ ಹಾಕಿದೆವು. ಪೈಪಿನ ಮೇಲೆ ಕೈಯಿಟ್ಟುಕೊಂಡು ಓಣಿಯಲ್ಲಿ ಹಿಂದಕ್ಕೆ ನಡೆದೆ; ಬಿಸಿ ನನ್ನ ಕೈಯ ಕೆಳಗೇ ಮುಂದುವರಿಯುತ್ತ ಬಂತು. ರೇಡಿಯೇಟರಿನ ನೆತ್ತಿ ಬೆಚ್ಚಗಾದಾಗ ನನಗಾದ ಖುಷಿಯನ್ನು ಮುಚ್ಚಿಡಲಾಗಲಿಲ್ಲ.

"ಅಗದೀ ಚಲೋ ಆತ್ ನೋಡಪಾ" ಎಂದು ಆ ತಾಯಿ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಹೊಟ್ಟೆ ತುಂಬಿತ್ತು, ಆದರೂ ತಿಂದೆ.

ಕೂಸು ಹುಟ್ಟಿತು, ಹೆಣ್ಣು. ಆಸ್ಪತ್ರೆಯಿಂದ ದೋಣಿಗೆ ಬಂದರು. ನಾನು ಬೇರೆ ಕೆಲಸಕ್ಕೆ ಹೋದೆ. ಎರಡು ದಿನವೂ ನೆಮ್ಮದಿಯಿರಲಿಲ್ಲ, ಫೋನ್ ಬಂತು.

"ಸರ್, ರೇಡಿಯೇಟರ್ ತಣ್ಣಗಾಗೈತ್ರಿ. ಒಲಿ ಕಡೆ ಪೈಪಿನ್ಯಾಗ ಟಕ್ ಟಕ್ ಅಂತ ಸೌಂಡ್ ಬರಾಕತ್ತೈತಿ."

ಹೋದೆ. ಗಾಳಿ ಕಟ್ಟಿತ್ತು. ತೆಗೆದೆ, ಸ್ವಲ್ಪ ತಿರುಗಿದಂತೆ ಮಾಡಿ ಮತ್ತೆ ನಿಂತಿತು. ಮರುದಿನ ಮತ್ತೆ ಹೋಗಿ ಒಂದೊಂದು ಬೆಸುಗೆಯನ್ನೂ ಪರೀಕ್ಷಿಸಿದೆ. ಎಲ್ಲೂ ಸೋರಿಕೆಯಿಲ್ಲ, ಎಲ್ಲೂ ಕಸ ಸಿಕ್ಕಿಲ್ಲ. ನಾನು ಮಾಡಿದ್ದು ಮಾಡಿದಂತೆಯೇ ಇತ್ತು, ಕೆಲಸ ಮಾತ್ರ ಮಾಡುತ್ತಿರಲಿಲ್ಲ. ನಮ್ಮ ಮಾಲೀಕ ಆಮರ್ಸ್‌ಫೋರ್ಟಿನ ಗಿರಾಕಿ ಕಾಯುತ್ತಿದ್ದಾನೆಂದು ಫೋನಿನಲ್ಲಿ ಗೊಣಗುತ್ತಿದ್ದ. ನನಗೆ ತಲೆ ಚಿಟ್ಟು ಹಿಡಿದುಹೋಯಿತು.

ಅದರ ನಡುವೆ ಕೂಸಿನ ಅಜ್ಜಿಯ ಓಡಾಟ. ಬಾಣಂತನ ಎಂದರೆ ದಿನಾ ಮೈಗೆ ಎಣ್ಣೆ ತಿಕ್ಕಿ, ಸುಡುಸುಡು ನೀರು ಎರೆಯುವುದು. ಮೊದಲು ಕೂಸಿಗೆ, ಆಮೇಲೆ ಮಗಳಿಗೆ. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಆ ಕಿರಿದಾದ ಓಣಿಯಲ್ಲಿ ಬಕೆಟ್ ಹಿಡಿದು, ನನ್ನ ಸಲಕರಣೆಗಳನ್ನು ದಾಟಿ ದಾಟಿ ಬಚ್ಚಲಿಗೆ ಒಯ್ಯುತ್ತಿದ್ದರು. ಇಬ್ಬರಿಗೂ ಸಾಕಾಗುವಷ್ಟಲ್ಲ, ಒಂದು ಮದುವೆಮನೆಗೆ ಸಾಕಾಗುವಷ್ಟು ನೀರು. ಪೈಪು ಹೆಪ್ಪುಗಟ್ಟಿ ಒಡೆಯುತ್ತದೆಂದು ದಂಡೆಯ ಸಾರ್ವಜನಿಕ ನಲ್ಲಿಯನ್ನು ಆಗಲೇ ಮುಚ್ಚಿದ್ದರು. ಯಜಮಾನ ಬೀದಿಯಾಚೆಯ ದೋಣಿ ಕ್ಲಬ್ಬಿನಿಂದ ಕ್ಯಾನುಗಳಲ್ಲಿ ನೀರು ಹೊತ್ತು ತರುತ್ತಿದ್ದ, ತಂದದ್ದು ಹಾಗೇ ಪಾತ್ರೆಗೆ ಹೋಗುತ್ತಿತ್ತು.

ಆ ವಾರ ಕಾಲುವೆಯ ಅಂಚು ಹೆಪ್ಪುಗಟ್ಟಿತು. ಒಂದು ಬೆಳಿಗ್ಗೆ ನಾನಿನ್ನೂ ವ್ಯಾನಿನಲ್ಲಿದ್ದೆ, ಯಜಮಾನನ ಫೋನ್. ಅವನ ದನಿಯ ಹಿಂದೆ ಯಾವುದೋ ಅಲಾರ್ಮ್ ಕಿರುಚುತ್ತಿತ್ತು. "ಲಗೂನ ಬರ್ರಿ ಸರ್" ಎಂದಷ್ಟೇ ಹೇಳಿ ಇಟ್ಟ.

ನಾನು ತಲುಪಿದಾಗ ದೋಣಿಯ ಬಾಗಿಲು ಕಿಟಕಿಗಳೆಲ್ಲ ತೆರೆದಿದ್ದವು. ಬಾಣಂತಿಯೂ ಕೂಸೂ ಪಕ್ಕದ ದೋಣಿಯ ಡಚ್ ಮುದುಕಿಯ ಬಳಿ ಇದ್ದರು. ದಂಡೆಯ ಹುಲ್ಲಿನ ಮೇಲೆ ಒಂದು ಕಬ್ಬಿಣದ ಬಾಣಲೆ. ಅದರಲ್ಲಿ ಕೆಂಡ ಇನ್ನೂ ಪೂರ್ತಿ ಆರಿರಲಿಲ್ಲ. ಆಗಿದ್ದು ಇಷ್ಟು: ರೇಡಿಯೇಟರ್ ತಣ್ಣಗಿದೆ, ಮಗಳು ನಡುಗುತ್ತಿದ್ದಾಳೆ ಎಂದು ಅಜ್ಜಿ ಒಲೆಯಿಂದ ಕೆಂಡ ತೆಗೆದು, ಊರಿನಲ್ಲಿ ಬಾಣಂತಿಯ ಹೊರಸಿನ ಕೆಳಗೆ ಇಡುವಂತೆ ಮಂಚದ ಕೆಳಗೆ ಇಟ್ಟಿದ್ದರು. ಗಾಳಿ ತಾಕಬಾರದೆಂದು ಬಾಗಿಲ ಸಂದಿಗೂ ಸೂರಿನ ಗಾಳಿಕಿಂಡಿಗೂ ಹಳೆಯ ಸೀರೆ ತುರುಕಿದ್ದರು. ಮನೆಯಲ್ಲಿ ವಿಷಾನಿಲದ ಅಲಾರ್ಮ್ ಒಂದಿಲ್ಲದಿದ್ದರೆ ಆ ಕೋಣೆಯಲ್ಲಿ ಮಲಗಿದವರು ಏಳುತ್ತಿರಲಿಲ್ಲ.

ಈ ದೇಶದಲ್ಲಿ ಹೆರಿಗೆಯಾದ ಮೊದಲ ವಾರ ದಿನವೂ ಒಬ್ಬ ನರ್ಸ್ ಮನೆಗೇ ಬರುತ್ತಾಳೆ; ಕ್ರಾಮ್‌ಜೋರ್ಗ್ ಎನ್ನುತ್ತಾರೆ. ಆಕೆ ಬಂದು ತಾಯಿ, ಕೂಸು ಇಬ್ಬರನ್ನೂ ಪರೀಕ್ಷಿಸಿ, ಸೂಲಗಿತ್ತಿಗೂ ಫೋನ್ ಮಾಡಿದಳು. ಹೊಗೆಯಿಂದ ಅಪಾಯವಾಗಿರಲಿಲ್ಲ. ಆದರೆ ಕೂಸಿನ ಮೈ ಇರಬೇಕಾದ್ದಕ್ಕಿಂತ ತಣ್ಣಗಿತ್ತು. ದಂಡೆಯ ಮೇಲೆ ನಿಂತು ಯಜಮಾನನಿಗೂ ನನಗೂ ಒಟ್ಟಿಗೇ ಹೇಳಿದಳು: "ಹಗಲು ಇವರು ಪಕ್ಕದ ದೋಣಿಯಲ್ಲಿರಲಿ. ಸಂಜೆಯೊಳಗೆ ಆ ಕೋಣೆ ಬೆಚ್ಚಗಾದರೆ ಮಾತ್ರ ಒಳಗೆ ಕರೆತನ್ನಿ. ನಾಳೆ ಬೆಳಿಗ್ಗೆಯೂ ಮಗು ಹೀಗೇ ತಣ್ಣಗಿದ್ದರೆ ಆಸ್ಪತ್ರೆಗೆ ಸೇರಿಸುತ್ತೇನೆ. ಇನ್ನು ವಾದ ಬೇಡ."

ಯಜಮಾನ ನನ್ನನ್ನು ನೋಡಿದ. ಆ ನೋಟಕ್ಕಿಂತ ಅವನು ಹತ್ತು ಲಿಂಕ್ ಕಳಿಸಿದ್ದರೆ ವಾಸಿಯಿತ್ತು.

ಒಲೆ ಆರಿಸಿ, ಪೈಪುಗಳು ತಣಿಯಲೆಂದು ಕಾಯುತ್ತ ಓಣಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದೆ. ಅಜ್ಜಿ ಬಂದು ಪಕ್ಕದಲ್ಲಿ ನಿಂತರು. ಅತ್ತು ಕಣ್ಣು ಊದಿತ್ತು. ಸುಮ್ಮನಿರಲಾರದೆ ಅಂದರು:

"ತಮ್ಮಾ, ಹಂಗ ಆ ಬಚ್ಚಲಾನೂ ಸ್ವಲ್ಪ ನೋಡು. ನೀರು ಸರದು ಹೋಗವಲ್ದು. ಹಿಂದಿನ ಮೂಲ್ಯಾಗ ನಿಂದರತೈತಿ."

ನನ್ನ ಪಿತ್ತ ನೆತ್ತಿಗೇರಿತು. "ಅಮ್ಮಾ, ನಾನು ಒಲೆ ಕೆಲಸದವನು. ಬಚ್ಚಲು ಕಟ್ಟಿಕೊಂಡರೆ ಅದಕ್ಕೆ ಬೇರೆಯವರನ್ನ ಕರೀರಿ" ಎಂದೆ.

"ಕಟ್ಟಿಲ್ಲಪಾ. ಕೈಲೆ ಮುಂದಕ್ಕ ನೂಕಿದ್ರ ಭರ್ ಅಂತ ಹೋಗತೈತಿ. ಬಿಟ್ರ ಹಿಂದಕ್ಕ ಬರತೈತಿ. ಮೊದಲ ಹಂಗಿರಲಿಲ್ಲ."

ನಾನು ಎದ್ದು ಬಚ್ಚಲಿಗೆ ಇಣುಕಿದೆ. ಬಚ್ಚಲಿನ ತೂತು ಇದ್ದದ್ದು ಮೂತಿಯ ಕಡೆಯ ಅಂಚಿನಲ್ಲಿ. ಮೊದಲು ಅತ್ತ ಹರಿಯುತ್ತಿದ್ದ ನೀರು ಈಗ ಬಾಲದ ಕಡೆಗೆ ಹರಿಯುತ್ತಿದೆ ಎಂದರೆ ವಾಲಿರುವುದು ಬಚ್ಚಲಲ್ಲ, ದೋಣಿಯೇ.

ರಸಮಟ್ಟ ತಂದು ಪೈಪಿನ ಮೇಲಿಟ್ಟೆ. ಗುಳ್ಳೆ ಒಲೆಯ ಕಡೆಗೆ ಓಡಿತು. ನಾಲ್ಕು ಬೆರಳು ಏರುತ್ತಿದ್ದ ಪೈಪು ಈಗ ಇಳಿಯುತ್ತಿತ್ತು. ಮೂತಿಗೆ ಓಡಿಹೋಗಿ ನೀರಿನ ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟೆ. ತಳ ಕಾಣುತ್ತಿತ್ತು. ಈ ದೋಣಿಗಳಲ್ಲಿ ಕುಡಿಯುವ, ಬಳಸುವ ನೀರಿನ ದೊಡ್ಡ ಟ್ಯಾಂಕು ಇರುವುದೇ ಮೂತಿಯಲ್ಲಿ. ಅದು ತುಂಬಿದ್ದಾಗ ಮೂತಿ ತಗ್ಗಿರುತ್ತದೆ, ಬರಿದಾದಾಗ ಎದ್ದು ನಿಲ್ಲುತ್ತದೆ. ನಾನು ಪೈಪು ಎಳೆದದ್ದು ಟ್ಯಾಂಕು ತುಂಬಿದ್ದಾಗ. ಇಬ್ಬರೇ ಇದ್ದಾಗ ಆ ನೀರು ಬಹಳ ದಿನ ಬರುತ್ತಿತ್ತು. ಬಾಣಂತನ ಶುರುವಾದ ಮೇಲೆ ಅಜ್ಜಿಯ ಬಕೆಟುಗಳು ಅದನ್ನು ನೋಡನೋಡುತ್ತಿದ್ದಂತೆ ಬರಿದು ಮಾಡಿದ್ದವು. ಆಮೇಲೆ ಕ್ಯಾನಿನ ನೀರು ಟ್ಯಾಂಕಿಗೆ ಬೀಳಲೇ ಇಲ್ಲ. ಮೇಲಕ್ಕೇರಬೇಕಾದ ಬಿಸಿನೀರಿಗೆ ಕೆಳಗಿಳಿಯಲು ಹೇಳಿದರೆ ಅದು ಯಾಕೆ ಇಳಿದೀತು?

ಇಷ್ಟು ದಿನದ ಸಿಟ್ಟೆಲ್ಲ ಒಂದೇ ಸಲ ಹೊರಬಂತು. "ನೀವು ದಿನಾ ಬಾವಿ ಬರಿದು ಮಾಡೋ ಹಾಗೆ ನೀರು ಸುರೀತಿದ್ರಲ್ಲ ಅಮ್ಮಾ, ಅದರಿಂದಲೇ ಇಷ್ಟೆಲ್ಲ ಆಗಿದ್ದು!" ಎಂದು ಹರಿಹಾಯ್ದೆ.

ಯಜಮಾನ, "ಹಂಗಾರ ಎರಿಯೋದು ಬಂದ್ ಮಾಡ್ರಿ ಅತ್ತಿ, ಇವತ್ತಿಂದನ" ಎಂದ. ಅಜ್ಜಿ ಸೆರಗು ಹೊದ್ದುಕೊಂಡು ಪಕ್ಕದ ದೋಣಿಗೆ ಹೋದರು.

ನಮ್ಮ ಮಾಲೀಕನಿಗೆ ಫೋನ್ ಮಾಡಿದೆ. "ಪಂಪ್ ಕಳಿಸುತ್ತೇನೆ, ಹಾಕಿ ಬಂದುಬಿಡು" ಎಂದ. ಯಜಮಾನನೂ ಅದೇ ಅಂದ. ಪಂಪ್ ಹಾಕಿದ್ದರೆ ಸಂಜೆಗೆ ಕೋಣೆ ಕಾಯುತ್ತಿತ್ತು, ನಿಜ. ಆದರೆ ರಾತ್ರಿ ಬ್ಯಾಟರಿ ಸತ್ತರೆ? ಬೆಳಿಗ್ಗೆ ಕೆಂಡ ನೋಡಿದ ಮೇಲೆ, ನಂಬಲಾಗದ ಇನ್ನೊಂದು ವಸ್ತುವನ್ನು ಆ ಮಗುವಿನ ಮತ್ತು ಚಳಿಯ ನಡುವೆ ಇಡಲು ನನಗೆ ಧೈರ್ಯವಾಗಲಿಲ್ಲ. ಎರೆಯುವುದನ್ನು ನಿಲ್ಲಿಸಿದರೂ ಖಾಲಿ ಟ್ಯಾಂಕು ತುಂಬುವುದಿಲ್ಲ. ಕ್ಯಾನಿನಲ್ಲಿ ಹೊತ್ತು ಅದನ್ನು ತುಂಬಿಸಲು ಸಂಜೆಯವರೆಗಿನ ಹೊತ್ತು ಸಾಲದು. ಮೂತಿಗೆ ಬೇಕಾಗಿದ್ದದ್ದು ನೀರಲ್ಲ, ಭಾರ. "ಪಂಪ್ ಬೇಡ, ನಾನು ಇವತ್ತು ಆಮರ್ಸ್‌ಫೋರ್ಟಿಗೆ ಹೋಗೋದಿಲ್ಲ" ಎಂದು ಮಾಲೀಕನಿಗೆ ಹೇಳಿದೆ. ಅವನು ಡಚ್ಚಿನಲ್ಲಿ ಏನೋ ಅಂದು ಫೋನ್ ಇಟ್ಟ.

ಕಟ್ಟಡ ಸಾಮಾನಿನ ಅಂಗಡಿಗೆ ವ್ಯಾನ್ ಓಡಿಸಿದೆವು. ಇಲ್ಲಿ ಎಲ್ಲರ ಹಿತ್ತಿಲಿಗೂ ಹಾಸುವ ಚೌಕದ ಸಿಮೆಂಟ್ ಕಲ್ಲುಗಳಿರುತ್ತವಲ್ಲ, ಅವನ್ನು ತುಂಬಿದ ಟ್ಯಾಂಕಿನ ತೂಕಕ್ಕೆ ಸಮನಾಗುವಷ್ಟು ಹೇರಿಕೊಂಡು ಬಂದೆವು. ಯಜಮಾನ ದಂಡೆಯಿಂದ ಕೊಡುತ್ತ ಹೋದ, ನಾನು ಮೂತಿಯ ತೆರೆದ ಅಂಗಳದಲ್ಲಿ ಎಡಬಲ ಸರಿದೂಗಿಸಿ ಜೋಡಿಸುತ್ತ ಹೋದೆ. ಎಲ್ಲವನ್ನೂ ಒಟ್ಟಿಗೆ ಪೇರಿಸುವಂತಿಲ್ಲ. ಮೂತಿ ಅತಿಯಾಗಿ ತಗ್ಗಿದರೆ ಅಂಗಳದ ಮಳೆನೀರು ಹೋಗುವ ತೂತುಗಳಿಂದ ಕಾಲುವೆಯೇ ಒಳಗೆ ಬರುತ್ತದೆ. ಒಂದಷ್ಟು ಇಡುವುದು, ಒಳಗೆ ಓಡಿ ರಸಮಟ್ಟ ನೋಡುವುದು, ಮತ್ತೆ ಬಂದು ಇಡುವುದು. ಕೈಗವಸು ಹರಿಯಿತು. ಸಂಶೋಧಕ ಮಹಾಶಯ ಒಂದೂ ಲಿಂಕಿನ ಮಾತೆತ್ತದೆ ಕಲ್ಲು ಹೊತ್ತ. ನಾನು ಅವನ ಬಗ್ಗೆ ಅಂದುಕೊಂಡಿದ್ದರಲ್ಲಿ ಅರ್ಧವನ್ನು ಅಲ್ಲೇ ವಾಪಸು ತೆಗೆದುಕೊಂಡೆ.

ಕೊನೆಗೆ ಗುಳ್ಳೆ ನಡುಗೆರೆ ದಾಟಿ ಬಾಲದ ಕಡೆಗೆ ಸರಿಯಿತು. ಕಟ್ಟಿದ್ದ ಗಾಳಿ ತೆಗೆದೆ, ನೀರು ತುಂಬಿಸಿದೆ, ಒಲೆ ಹಚ್ಚಿದೆ. ಸೀರೆಗಳನ್ನೆಲ್ಲ ಕಿತ್ತು ಗಾಳಿಕಿಂಡಿ ತೆರೆದೆ. ಪೈಪಿನ ಮೇಲೆ ಕೈಯಿಟ್ಟು ಕಾದೆ. ಅಡುಗೆಮನೆಯವರೆಗೆ ಬಂದ ಬಿಸಿ ಬಚ್ಚಲಿನ ಗೋಡೆಯ ಹತ್ತಿರ ತಡೆದು ನಿಂತಿತು; ನಾನು ಕೈ ತೆಗೆಯಲಿಲ್ಲ. ಆಮೇಲೆ ಅದು ಕಪಾಟಿನೊಳಗಿನಿಂದ ಹೊರಬಂದು ರೇಡಿಯೇಟರನ್ನು ಮುಟ್ಟಿತು. ಹೊತ್ತು ಮುಳುಗುವಾಗ ಆ ಕೋಣೆಯಲ್ಲಿ ನಾನು ಜಾಕೆಟ್ ತೆಗೆದು ನಿಂತಿದ್ದೆ. ತಾಯಿಯನ್ನೂ ಕೂಸನ್ನೂ ಒಳಗೆ ಕರೆತಂದರು.

ಮರುದಿನ ಬೆಳಿಗ್ಗೆ ನರ್ಸ್ ಬರುವ ಮೊದಲೇ ನಾನು ಹಾಜರಿದ್ದೆ. ಪೈಪು ಬಿಸಿಯಾಗಿಯೇ ಇತ್ತು. ಆದರೆ ದೋಣಿಯೊಳಗೆ ಏನೋ ಒಂದು ಇರಲಿಲ್ಲ. ಏನೆಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಒಲೆಯ ಮೇಲೆ ನೀರಿನ ಪಾತ್ರೆಯಿರಲಿಲ್ಲ. ಬಚ್ಚಲು ಒಣಗಿತ್ತು. ಎಣ್ಣೆಯ ವಾಸನೆಯಿರಲಿಲ್ಲ. ಅಜ್ಜಿ ಮೂಲೆಯಲ್ಲಿ ಕೈಕಟ್ಟಿ ಕೂತಿದ್ದರು. ಏಳು ಸಮುದ್ರ ದಾಟಿ ಯಾವ ಕೆಲಸಕ್ಕೆಂದು ಬಂದಿದ್ದರೋ ಆ ಕೆಲಸ ಬಿಟ್ಟು ಕೂತಿದ್ದರು.

ನರ್ಸ್ ಬಂದು ಕೋಣೆಗೆ ಕಾಲಿಡುತ್ತಲೇ, "ಉಫ್, ಮಗುವಿಗೆ ಇದು ಹೆಚ್ಚಾಯಿತು" ಎಂದು ರೇಡಿಯೇಟರಿನ ತಿರುಗಣಿಯನ್ನು ಅರ್ಧಕ್ಕೆ ಇಳಿಸಿದಳು! ನಾನು ಹಲ್ಲು ಕಚ್ಚಿಕೊಂಡೆ. ಆಮೇಲೆ ಕೂಸಿನ ಕುಲಾಯಿ ತೆಗೆದಳು, ದುಪಟಿ ತೆಗೆದಳು, ಅಂಗಿಗಳನ್ನು ಒಂದೊಂದಾಗಿ ಬಿಚ್ಚಿದಳು. ಅಲ್ಲಿಯವರೆಗೆ ನಾನು ಕಂಡಿದ್ದು ಮೂಗಿನ ತುದಿಯನ್ನಷ್ಟೇ. ಬರಿಮೈಯಲ್ಲಿ ತಕ್ಕಡಿಯ ಮೇಲೆ ಮಲಗಿಸಿದರೂ ಅದು ಅಳಲಿಲ್ಲ. ಎರಡೂ ಕಾಲು ನೀಳವಾಗಿ ಚಾಚಿ ಆಕಳಿಸಿತು.

ನರ್ಸ್ ಥರ್ಮಾಮೀಟರ್ ನೋಡಿ ಒಂದು ಅಂಕಿ ಹೇಳಿದಳು. ಬಾಣಂತಿ ಕಣ್ಣು ಮುಚ್ಚಿ ದಿಂಬಿಗೆ ಒರಗಿದಳು. ಅಜ್ಜಿಗೆ ಭಾಷೆ ತಿಳಿಯದು. ನನ್ನ ತೋಳು ಹಿಡಿದು ಕೇಳಿದರು, "ಏನಂದಳ ತಮ್ಮಾ?"

"ಮೈ ಬೆಚ್ಚಗಿದೆಯಂತೆ ಅಮ್ಮಾ. ಆಸ್ಪತ್ರೆಗೆ ಹೋಗೋದು ಬೇಡವಂತೆ."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಅಪ್ಪಣೆ ಕೇಳುವವರಂತೆ ದನಿ ತಗ್ಗಿಸಿ, "ಹಂಗಾರ... ಇವತ್ತು ಒಂದ್ ಎರಡ ತಂಬಿಗಿ ಎರೀಲೇನು? ಭಾಳ ಬ್ಯಾಡ. ಎರಡ ತಂಬಿಗಿ" ಎಂದರು.

ಊರಿನಲ್ಲಿ ಹತ್ತಾರು ಬಾಣಂತನ ಮಾಡಿದ ಹೆಂಗಸು, ಸ್ವಂತ ಮಗಳಿಗೆ ಎರಡು ತಂಬಿಗೆ ನೀರು ಹಾಕಲು ನನ್ನನ್ನು ಕೇಳುತ್ತಿದ್ದರು. ನನಗೆ ತಲೆ ಎತ್ತಲಾಗಲಿಲ್ಲ.

"ಎಷ್ಟು ಬೇಕೋ ಅಷ್ಟು ಎರೀರಿ ಅಮ್ಮಾ" ಎಂದೆ. "ಪಾತ್ರೆ ಇಡಿ ಒಲೆ ಮೇಲೆ."

ಯಜಮಾನ ಕ್ಯಾನುಗಳಿಗೆ ಕೈ ಹಾಕಿದ್ದ. ಅವನಿಂದ ಎರಡನ್ನೂ ಕಸಿದುಕೊಂಡು ನಾನೇ ನೀರಿಗೆ ಹೊರಟೆ.